ಬೆಳಗಿನ ವಾಂತಿಯನ್ನು ಪಿತ್ತವೆಂದು ತಳ್ಳಿಹಾಕಬೇಡಿ

ತಂದೆತಾಯಂದಿರೇ, ಶಿಕ್ಷಕರೇ, ಆಶಾ ಕಾರ್ಯಕರ್ತೆಯರೇ, ಊರಿನ ವೈದ್ಯರೇ,

ಮಗು ಬೆಳಿಗ್ಗೆ ಎದ್ದೊಡನೆ ತಲೆನೋವೆಂದು ಅಳುತ್ತದೆ, ವಾಂತಿ ಮಾಡುತ್ತದೆ. ಸ್ವಲ್ಪ ಹೊತ್ತಿಗೆ ಗೆಲುವಾಗಿ ಆಟಕ್ಕೆ ಓಡುತ್ತದೆ. ಪಿತ್ತವಿರಬೇಕು, ಜಂತುಹುಳುವಿರಬೇಕು, ದೃಷ್ಟಿ ತಾಗಿರಬೇಕು ಎನ್ನುತ್ತಲೇ ವಾರಗಳು ಕಳೆಯುತ್ತವೆ. ಬಹುಪಾಲು ಮಕ್ಕಳಲ್ಲಿ ಕಾರಣ ಸಣ್ಣದೇ. ಆದರೂ ವಾಂತಿ ಎರಡು ವಾರ ದಾಟಿದರೆ ಮೆದುಳಿನಲ್ಲಿ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ನಮ್ಮ ಆಗ್ರಹ ಇಷ್ಟೇ.

ಮಕ್ಕಳ ಕ್ಯಾನ್ಸರ್‌ಗಳಲ್ಲಿ ರಕ್ತದ ಕ್ಯಾನ್ಸರ್ ಬಿಟ್ಟರೆ ಮೆದುಳಿನ ಗಡ್ಡೆಗಳೇ ಹೆಚ್ಚು. ಎಷ್ಟೋ ಮಕ್ಕಳಲ್ಲಿ ಇವು ಹುಟ್ಟುವುದು ತಲೆಯ ಹಿಂಬದಿಯಲ್ಲಿ, ನಡಿಗೆಯ ಹತೋಟಿ ಕಾಯುವ ಕಿರುಮೆದುಳಿನ ಆಸುಪಾಸು. ಅಲ್ಲಿ ಜಾಗ ಇಕ್ಕಟ್ಟು. ಗಡ್ಡೆ ಬೆಳೆದಂತೆ ಮೆದುಳಿನ ನೀರು ಹರಿಯುವ ದಾರಿ ಕಟ್ಟಿಕೊಂಡು ಒಳಗೆ ಒತ್ತಡ ಏರುತ್ತದೆ. ಮಲಗಿದಾಗ ಇನ್ನೂ ಹೆಚ್ಚುತ್ತದೆ. ಬೆಳಗಿನ ವಾಂತಿ ಬರುವುದು ಹೀಗೆ. ಹೊಟ್ಟೆಯ ಔಷಧಿಯಿಂದ ಇದು ವಾಸಿಯಾಗದು. ನಡೆಯುವಾಗ ತೂರಾಡುವುದು, ಹೊಸದಾಗಿ ಮೆಳ್ಳೆಗಣ್ಣು ಬರುವುದು, ಕತ್ತು ಒಂದೇ ಕಡೆ ವಾಲುವುದು, ಕೂಸಿನ ತಲೆ ಬೇಗಬೇಗ ದೊಡ್ಡದಾಗುವುದು ಕೂಡ ಗಡ್ಡೆಯ ಲಕ್ಷಣಗಳೇ. ಬರವಣಿಗೆ ಹಠಾತ್ತನೆ ಕೆಟ್ಟರೆ ಮೊದಲು ಕಾಣುವುದು ಮೇಷ್ಟ್ರ ಕಣ್ಣಿಗೆ. ಗದರಬೇಡಿ, ಮನೆಯವರಿಗೆ ತಿಳಿಸಿ.

ಗಡ್ಡೆ ಎಂದೊಡನೆ ಕೈಚೆಲ್ಲಬೇಕಿಲ್ಲ. ಪೈಲೋಸಿಟಿಕ್ ಆಸ್ಟ್ರೋಸೈಟೋಮ ಎಂಬ ಗಡ್ಡೆ ನಿಧಾನವಾಗಿ ಬೆಳೆಯುವಂಥದ್ದು. ಪೂರ್ತಿ ತೆಗೆಯಲು ಸಾಧ್ಯವಾದರೆ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ. ಮೆಡುಲ್ಲೋಬ್ಲಾಸ್ಟೋಮ ಎಂಬ ಗಡ್ಡೆ ಬೇಗ ಬೆಳೆದು ಬೆನ್ನುಹುರಿಯತ್ತ ಹರಡಬಲ್ಲದು. ಶಸ್ತ್ರಚಿಕಿತ್ಸೆ, ವಿಕಿರಣ, ಕೀಮೋ ಪೂರ್ತಿ ಸಿಕ್ಕರೆ ಅದರಿಂದಲೂ ಬಹಳ ಮಕ್ಕಳು ಉಳಿಯುತ್ತಾರೆ. ಮೆದುಳಿನ ಕಾಂಡದೊಳಗೆ ಹಬ್ಬುವ ಕೆಲವು ಗಡ್ಡೆಗಳು ಮಾತ್ರ ಇಂದಿಗೂ ಕ್ರೂರ, ಅದನ್ನು ಮುಚ್ಚಿಡುವುದಿಲ್ಲ.

ತಾಯಿ ಬಸಿರಿನಲ್ಲಿ ಏನೋ ತಿಂದಳೆಂದು ಮೆದುಳಿನ ಗಡ್ಡೆ ಬರುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕೆಲವರಲ್ಲಷ್ಟೇ ವಂಶದ ಕಾರಣವಿರುತ್ತದೆ. ದಯವಿಟ್ಟು ಆ ತಾಯಿಯನ್ನು ದೂರಬೇಡಿ.

ಬ್ರಿಟನ್ನಿನಲ್ಲಿ 2011ರಲ್ಲಿ ಹೆಡ್‌ಸ್ಮಾರ್ಟ್ ಅಭಿಯಾನ ಈ ಲಕ್ಷಣಗಳನ್ನೇ ಜನರಿಗೂ ವೈದ್ಯರಿಗೂ ಸಾರಿತು. ರೋಗ ಪತ್ತೆಗೆ ಹಿಂದೆ ಮೂರು ತಿಂಗಳು ಮೀರುತ್ತಿದ್ದ ಅವಧಿ ಕೆಲವೇ ವರ್ಷಗಳಲ್ಲಿ ಏಳು ವಾರದ ಆಸುಪಾಸಿಗೆ ಇಳಿಯಿತು. ನಮ್ಮ ತಾಲ್ಲೂಕುಗಳಲ್ಲೂ ಇದು ಆಗಲೇಬೇಕು.

ವೈದ್ಯರೇ, ಈ ಲಕ್ಷಣಗಳಿರುವ ಮಗುವನ್ನು ಒಂದು ಗೆರೆಯ ಮೇಲೆ ನಡೆಸಿ ನೋಡಿ, ಕಣ್ಣಿನ ಹಿಂಪರದೆ ಪರೀಕ್ಷಿಸಿ, ಅನುಮಾನವಿದ್ದರೆ ಎಂಆರ್‌ಐಗೆ ಬರೆದುಕೊಡಿ. ಪೋಷಕರೇ, ಬೆಂಗಳೂರಿನ ನಿಮ್ಹಾನ್ಸ್, ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಗಳಿವೆ. ಚಿಕಿತ್ಸೆಯ ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ಕೇಳಿ. ವಾಂತಿಯ ಜೊತೆ ಮಗು ಮಂಪರಿಗೆ ಜಾರುತ್ತಿದ್ದರೆ ನಾಳೆಗೆ ಕಾಯಬೇಡಿ, ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.