ಪಾಠಯೋಜನೆಗೂ ಆಕರ ಬೇಕು

ನಮ್ಮ ಪಾಠಯೋಜನೆಯ ರೆಕಾರ್ಡಿನಲ್ಲಿ ಎಲ್ಲಕ್ಕೂ ಒಂದೊಂದು ಕಾಲಂ ಇದೆ. ದಿನಾಂಕ, ತರಗತಿ, ಅವಧಿ, ಘಟಕ, ಕಲಿಕಾಂಶ, ಬೋಧನೋಪಕರಣ, ಕಪ್ಪುಹಲಗೆ ಕೆಲಸ, ಕೊನೆಗೆ ಮಾರ್ಗದರ್ಶಕರ ಸಹಿ. ಆದರೆ ಈ ಚಟುವಟಿಕೆ ಎಲ್ಲಿಂದ ಬಂತು, ಈ ಚಿತ್ರ ಯಾವ ಪುಸ್ತಕದ್ದು, ಈ ಪೀಠಿಕಾ ಪ್ರಶ್ನೆಗಳನ್ನು ಮೊದಲು ಕೇಳಿದವರು ಯಾರು ಎಂದು ಬರೆಯಲು ಜಾಗವಿಲ್ಲ. ಜಾಗವಿಲ್ಲವಾದ್ದರಿಂದ ಯಾರೂ ಬರೆಯುವುದಿಲ್ಲ. ಯಾರೂ ಬರೆಯದಿರುವುದರಿಂದ ಅದು ಬೇಕೆಂದು ಯಾರಿಗೂ ಅನ್ನಿಸುವುದೂ ಇಲ್ಲ. ಕೃತಿಚೌರ್ಯದ ಬಗ್ಗೆ ನಮ್ಮಲ್ಲಿ ನಡೆಯುವ ಮಾತುಕತೆ ಕಿರುಪ್ರಬಂಧದ ಕೊನೆಯ ಪುಟದ ‘ಗ್ರಂಥಋಣ’ದಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ಅದು ಪಾಠಯೋಜನೆಯಿಂದಲೇ ಶುರುವಾಗಬೇಕು ಎಂಬುದು ನನ್ನ ವಾದ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ಕೃತಿಚೌರ್ಯ ತಡೆಯಲು ನಿಯಮಾವಳಿ ಹೊರಡಿಸಿತು. ಪ್ರೌಢಪ್ರಬಂಧವೊಂದರಲ್ಲಿ ಸಾಮ್ಯ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ. 10ರಿಂದ 40ರವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60ರವರೆಗಿದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಈ ಅಂಕಿಗಳನ್ನು ವಿಚಾರ ಸಂಕಿರಣಗಳಲ್ಲಿ ಎಲ್ಲರೂ ಹೇಳುತ್ತಾರೆ. ಅಷ್ಟಾಗಿ ಯಾರೂ ಹೇಳದ ಒಂದು ಮಾತು ಅದೇ ನಿಯಮಾವಳಿಯ ವ್ಯಾಖ್ಯೆಗಳ ಭಾಗದಲ್ಲಿದೆ: ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ಕೋರ್ಸಿನ ಬರವಣಿಗೆ, ಉತ್ತರಪತ್ರಿಕೆ ಇವು ಯಾವುವೂ ಅದರ ವ್ಯಾಪ್ತಿಗೆ ಬರುವುದಿಲ್ಲ. ಅಂದರೆ ಬಿ.ಇಡಿ. ಪ್ರಶಿಕ್ಷಣಾರ್ಥಿ ಇಡೀ ಕೋರ್ಸಿನಲ್ಲಿ ಬರೆಯುವುದರ ಬಹುಪಾಲು ಆ ಬೇಲಿಯ ಹೊರಗಿದೆ. ಪಿಎಚ್.ಡಿ. ಮಾಡುವವರನ್ನು ಕಾಯಲು ಸಾಫ್ಟ್‌ವೇರ್ ಇದೆ. ನಾಳೆ ನಲವತ್ತು ಮಕ್ಕಳ ಮುಂದೆ ನಿಂತು ‘ನೋಡಿ ಬರೆಯಬೇಡಿ’ ಎನ್ನುವ ನಮ್ಮನ್ನು ಕಾಯಲು ನಮ್ಮ ಮಾರ್ಗದರ್ಶಕರ ಕಣ್ಣೊಂದೇ ಇದೆ. ಪ್ರತಿ ವಾರ ಅವರ ಮೇಜಿನ ಮೇಲೆ ಏರುವ ರೆಕಾರ್ಡುಗಳ ರಾಶಿ ನೋಡಿದವರು ಆ ಕಣ್ಣಿನ ಮೇಲೆ ದೂರು ಹೇಳಲಾರರು.

ಎರವಲು ಪಡೆಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಶಿಕ್ಷಕ ವೃತ್ತಿ ಎರವಲಿನ ಮೇಲೆಯೇ ನಿಂತಿದೆ. ಅರಿಶಿನದ ಕಾಗದವನ್ನು ಸೋಪಿನ ನೀರಿಗೆ ಅದ್ದಿ ಕೆಂಪಾಗಿಸುವ ಚಟುವಟಿಕೆಗೆ ಯಾರ ಹೆಸರನ್ನೂ ಹಾಕಬೇಕಾಗಿಲ್ಲ. ಅದು ಎಲ್ಲರ ಅಡುಗೆಮನೆಯ ಆಸ್ತಿ. ಆದರೆ ಹಿಂದಿನ ಬ್ಯಾಚಿನ ಅಕ್ಕ ಒಬ್ಬರು ಆಮ್ಲ–ಪ್ರತ್ಯಾಮ್ಲದ ಪಾಠಕ್ಕೆ ತಾವೇ ಯೋಚಿಸಿ ತಯಾರಿಸಿದ ಕಾರ್ಯಹಾಳೆಯನ್ನು ಯಥಾವತ್ತಾಗಿ ಇಳಿಸಿಕೊಂಡು ಮೇಲೆ ನಮ್ಮ ಕ್ರಮಸಂಖ್ಯೆ ಹಾಕಿದರೆ ಅಲ್ಲಿ ಎರಡು ನಷ್ಟವಾಗುತ್ತದೆ. ಅವರ ಶ್ರಮ ಮರೆಯಾಯಿತು ಎನ್ನುವುದು ಒಂದು. ಆ ಕಾರ್ಯಹಾಳೆ ಅವರ ತರಗತಿಯಲ್ಲಿ ಹೇಗೆ ನಡೆಯಿತು, ಎಲ್ಲಿ ಮಕ್ಕಳು ಎಡವಿದರು ಎಂದು ಅವರನ್ನು ಕೇಳುವ ದಾರಿಯೇ ಮುಚ್ಚಿಹೋಯಿತು ಎನ್ನುವುದು ಇನ್ನೊಂದು. ನನಗೆ ಎರಡನೆಯದೇ ದೊಡ್ಡದಾಗಿ ಕಾಣುತ್ತದೆ. ‘ಈ ಕಾರ್ಯಹಾಳೆ ಹಿಂದಿನ ಬ್ಯಾಚಿನ ಇಂಥವರದ್ದು, 3ನೇ ಪ್ರಶ್ನೆಯನ್ನು ಬದಲಿಸಿದ್ದೇನೆ’ ಎಂಬ ಒಂದು ಸಾಲು ಇದ್ದಿದ್ದರೆ ಅದೇ ನಕಲು ಅಧ್ಯಯನವಾಗುತ್ತಿತ್ತು.

ಆಕರ ನೋಡದೆ ಇಳಿಸಿಕೊಳ್ಳುವುದರ ಫಲ ನಮ್ಮ ಅಸೈನ್‌ಮೆಂಟುಗಳಲ್ಲಿ ಎದ್ದು ಕಾಣುತ್ತದೆ. ಬ್ಲೂಮ್ ವರ್ಗೀಕರಣವನ್ನೇ ತೆಗೆದುಕೊಳ್ಳಿ. ‘ಬ್ಲೂಮ್ (1956) ಪ್ರಕಾರ’ ಎಂದು ಬರೆದು ಕೆಳಗೆ ಸ್ಮರಿಸುವುದು, ಅರ್ಥೈಸುವುದು, ಅನ್ವಯಿಸುವುದು, ವಿಶ್ಲೇಷಿಸುವುದು, ಮೌಲ್ಯಮಾಪನ ಮಾಡುವುದು, ಸೃಜಿಸುವುದು ಎಂದು ಪಟ್ಟಿ ಕೊಡುವುದು ನಮ್ಮಲ್ಲಿ ಮಾಮೂಲು. ಈ ಪಟ್ಟಿ 1956ರದಲ್ಲ. ಬ್ಲೂಮ್ ಮತ್ತು ಸಂಗಡಿಗರ ಮೂಲ ಪಟ್ಟಿಯಲ್ಲಿ ಇದ್ದವು ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯಮಾಪನ. ಮೇಲಿನದು ಆಂಡರ್‌ಸನ್ ಮತ್ತು ಕ್ರಾಥ್‌ವೋಲ್ 2001ರಲ್ಲಿ ಪರಿಷ್ಕರಿಸಿದ್ದು. ನಾಮಪದಗಳು ಕ್ರಿಯಾಪದಗಳಾದವು, ಸಂಶ್ಲೇಷಣೆಯ ಜಾಗದಲ್ಲಿ ಸೃಜಿಸುವುದು ಬಂದು ತುತ್ತತುದಿಗೆ ಏರಿತು. ಹೆಸರು ಒಬ್ಬರದು, ಪಟ್ಟಿ ಇನ್ನೊಬ್ಬರದು. ಎರಡನ್ನೂ ಓದದೆ ಮೂರನೆಯವರ ನೋಟ್ಸಿನಿಂದ ಇಳಿಸಿಕೊಂಡಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ವೈಗೋಟ್‌ಸ್ಕಿಯ ಕತೆ ಇನ್ನೂ ಸ್ವಾರಸ್ಯದ್ದು. ‘1978ರಲ್ಲಿ ವೈಗೋಟ್‌ಸ್ಕಿ ಹೀಗೆ ಪ್ರತಿಪಾದಿಸಿದರು’ ಎಂದು ನಾವು ಸಲೀಸಾಗಿ ಬರೆಯುತ್ತೇವೆ. ಅವರು ತೀರಿಕೊಂಡದ್ದು 1934ರಲ್ಲಿ. 1978 ಎಂಬುದು ಅವರ ಬರಹಗಳನ್ನು ಆಯ್ದು ಇಂಗ್ಲಿಷಿನಲ್ಲಿ ಸಂಪಾದಿಸಿದ ಪುಸ್ತಕ ಪ್ರಕಟವಾದ ವರ್ಷ. ಉಲ್ಲೇಖದ ಪದ್ಧತಿ ಅದೇ ವರ್ಷವನ್ನು ಕೇಳುತ್ತದೆ, ಸರಿಯೇ. ಆದರೆ ಆವರಣದಲ್ಲಿರುವ ವರ್ಷ ಪುಸ್ತಕದ್ದು, ಮನುಷ್ಯ ಮಾತಾಡಿದ್ದರದ್ದಲ್ಲ ಎಂಬ ಅರಿವು ಇಲ್ಲದಿದ್ದರೆ ಸತ್ತವರ ಬಾಯಲ್ಲಿ ಮಾತಾಡಿಸುತ್ತೇವೆ. ಇನ್ನು 5ಇ ಮಾದರಿ. ಎಷ್ಟೋ ಪಾಠಯೋಜನೆಗಳು ಅದರ ಅಚ್ಚಿನಲ್ಲೇ ಇರುತ್ತವೆ. ಅದು ಅಮೆರಿಕದ ಜೀವವಿಜ್ಞಾನ ಪಠ್ಯಕ್ರಮದ ತಂಡವೊಂದರಲ್ಲಿ ರಾಜರ್ ಬೈಬೀ ಮತ್ತು ಸಂಗಡಿಗರು ರೂಪಿಸಿದ್ದು ಎಂದು ಬರೆದ ಒಂದು ರೆಕಾರ್ಡನ್ನೂ ನಾನು ಈವರೆಗೆ ಕಂಡಿಲ್ಲ. ಕೆಲವರು ಅದು ಇಲಾಖೆಯ ಆದೇಶದಲ್ಲಿ ಹುಟ್ಟಿದ್ದೆಂದೇ ನಂಬಿದ್ದಾರೆ.

ಮೂಲ ಪುಸ್ತಕ ಸಿಗದಿದ್ದರೆ ಏನು ಮಾಡುವುದು? ಓದಿದ್ದನ್ನಷ್ಟೇ ಹೇಳಿದರಾಯಿತು. ಕನ್ನಡದ ಶೈಕ್ಷಣಿಕ ಮನೋವಿಜ್ಞಾನದ ಪುಸ್ತಕವೊಂದರಲ್ಲಿ ವೈಗೋಟ್‌ಸ್ಕಿಯ ಮಾತು ಸಿಕ್ಕಿದ್ದರೆ ‘ಇಂಥ ಲೇಖಕರ ಪುಸ್ತಕದಲ್ಲಿ ಉಲ್ಲೇಖಿಸಿದಂತೆ’ ಎಂದು ಆ ಲೇಖಕರ ಹೆಸರು, ಪುಟ ಕೊಡಬೇಕು. ಇದರಲ್ಲಿ ಅವಮಾನವೇನೂ ಇಲ್ಲ. ಓದದ ಇಂಗ್ಲಿಷ್ ಪುಸ್ತಕಗಳ ಮೂವತ್ತು ಹೆಸರು ಗ್ರಂಥಋಣದಲ್ಲಿ ಸಾಲಾಗಿ ನಿಲ್ಲಿಸುವುದು, ಓದಿದ ಒಂದು ಕನ್ನಡ ಪುಸ್ತಕವನ್ನು ಮುಚ್ಚಿಡುವುದು — ಅವಮಾನ ಎಂದರೆ ಇದು.

ಕನ್ನಡದಲ್ಲಿ ಬರೆಯುವವರಿಗೆ ಎರಡು ವಿಶೇಷ ಅಪಾಯಗಳಿವೆ. ಒಂದು ಅನುವಾದ. ಇಂಗ್ಲಿಷಿನ ಪ್ಯಾರಾವನ್ನು ಕನ್ನಡಕ್ಕೆ ತಂದರೆ ವಾಕ್ಯ ನನ್ನದಾಯಿತಲ್ಲ ಎಂಬ ಭಾವನೆ ಬಹಳ ಜನರಲ್ಲಿದೆ. ಭಾಷೆ ಬದಲಾದರೆ ವಿಚಾರದ ಒಡೆಯ ಬದಲಾಗುವುದಿಲ್ಲ. ‘ಅನುವಾದ ನನ್ನದು’ ಎಂದು ಸೇರಿಸಿ ಮೂಲದವರ ಹೆಸರು ಹಾಕಲೇಬೇಕು. ಇನ್ನೊಂದು ನಮ್ಮ ಭಾಷೆಯ ಸಿರಿವಂತಿಕೆಯಿಂದಲೇ ಬರುವ ಅಪಾಯ. ಕನ್ನಡದ ಪದ ತೆಗೆದು ಸಂಸ್ಕೃತದ ಪದ ಇಟ್ಟರೆ ವಾಕ್ಯ ಹೊಸದರಂತೆ ಕಾಣುತ್ತದೆ. ಉದಾಹರಣೆಗೆಂದು ನಾನೇ ಕಟ್ಟಿದ ವಾಕ್ಯ ಇದು: ‘ಗುಂಪು ಕೆಲಸದಲ್ಲಿ ಮಾತು ಬಲ್ಲ ಮಕ್ಕಳೇ ಮುಂದೆ ಬರುತ್ತಾರೆ, ಸುಮ್ಮನಿರುವ ಮಕ್ಕಳಿಗೆ ಸಾಮಾನು ಜೋಡಿಸುವ ಕೆಲಸವಷ್ಟೇ ಉಳಿಯುತ್ತದೆ.’ ಇದನ್ನು ‘ಸಮೂಹ ಕಾರ್ಯದಲ್ಲಿ ವಾಕ್ಪಟು ವಿದ್ಯಾರ್ಥಿಗಳು ಮುಂಚೂಣಿಗೆ ಬರುತ್ತಾರೆ; ಮಿತಭಾಷಿಗಳ ಪಾಲಿಗೆ ಉಪಕರಣ ಹೊಂದಿಸುವ ಕಾರ್ಯ ಮಾತ್ರ ಶೇಷವಾಗುತ್ತದೆ’ ಎಂದು ಬರೆದರೆ ಅದು ವೇಷ ಬದಲಿಸಿದ ಅದೇ ವಾಕ್ಯ. ವಾಕ್ಯದ ಎಲುಬು, ವಾದದ ಕ್ರಮ ಎರಡೂ ಹಾಗೇ ಇವೆ. ಸಾಫ್ಟ್‌ವೇರಿಗೆ ಸಿಕ್ಕದೆ ಹೋಗಬಹುದು, ಆದರೂ ಅದು ಕಳವೇ.

ಹಾಗಾದರೆ ಸರಿಯಾದ ರೀತಿ? ಪುಸ್ತಕ ಮುಚ್ಚಿಟ್ಟು ಬರೆಯುವುದು. ‘ಗುಂಪು ಕೆಲಸದಲ್ಲಿ ಮೌನವಾಗಿರುವ ಮಕ್ಕಳ ಪಾಲು ಏನಾಗುತ್ತದೆ ಎಂಬ ಪ್ರಶ್ನೆಯನ್ನು ಈ ಲೇಖಕರು ಎತ್ತುತ್ತಾರೆ’ ಎಂದು ಹೇಳಿ, ಹೆಸರು, ವರ್ಷ, ಪುಟ ಕೊಟ್ಟು, ಮುಂದಿನ ವಾಕ್ಯದಲ್ಲಿ ‘ನನ್ನ ಎಂಟನೇ ತರಗತಿಯ ಪಾಠದಲ್ಲಿ ಪ್ರನಾಳ ಹಿಡಿದವರು ಯಾರು, ಉತ್ತರ ಹೇಳಿದವರು ಯಾರು ಎಂದು ಎಣಿಸಿದಾಗ’ ಎಂದು ನಮ್ಮ ಮಾತಿಗೆ ಬರಬಹುದು. ಅಲ್ಲಿ ಅವರ ಮಾತು ಎಲ್ಲಿ ಮುಗಿಯಿತು, ನಮ್ಮದು ಎಲ್ಲಿ ಶುರುವಾಯಿತು ಎಂದು ಓದುವವರಿಗೆ ಗೊತ್ತಾಗುತ್ತದೆ. ಉಲ್ಲೇಖದ ಕೆಲಸವೇ ಈ ಗಡಿಕಲ್ಲು ನೆಡುವುದು. ಎಲ್ಲವನ್ನೂ ಬರೆದು ಮುಗಿಸಿ ಕೊನೆಯಲ್ಲಿ ಪುಸ್ತಕಗಳ ಪಟ್ಟಿ ಕೊಟ್ಟರೆ ಹೊಲದ ಗಡಿ ಯಾರಿಗೂ ಗೊತ್ತಾಗುವುದಿಲ್ಲ.

(ಪಟ್ಟಿಯ ಮಾತು ಬಂದದ್ದರಿಂದ ಒಂದು ಪಕ್ಕದ ಮಾತು. ‘ಕುಲನಾಮ ಮೊದಲು, ಉಳಿದದ್ದು ನಂತರ’ ಎಂಬ ನಿಯಮ ನಮ್ಮ ಹೆಸರುಗಳಿಗೆ ಹೊಂದುವುದಿಲ್ಲ. ಜಿ.ಎಸ್. ಶಿವರುದ್ರಪ್ಪ ಎಂಬಲ್ಲಿ ಇನಿಷಿಯಲ್ಲುಗಳು ಗುಗ್ಗರಿ ಶಾಂತವೀರಪ್ಪ; ಶಿವರುದ್ರಪ್ಪ ಎಂಬುದು ಅವರದೇ ಹೆಸರು, ಮನೆತನದ್ದಲ್ಲ. ಆದರೂ ‘ಶಿವರುದ್ರಪ್ಪ, ಜಿ.ಎಸ್.’ ಎಂದು ಬರೆದರೆ ಹುಡುಕುವವರಿಗೆ ಸಿಗುತ್ತದೆ, ಅಷ್ಟು ಸಾಕು. ಕುವೆಂಪು ಅವರನ್ನು ಒಂದು ಕಡೆ ‘ಕುವೆಂಪು’, ಇನ್ನೊಂದು ಕಡೆ ‘ಪುಟ್ಟಪ್ಪ, ಕೆ.ವಿ.’ ಎಂದು ಹಾಕಿ ಒಬ್ಬರನ್ನು ಇಬ್ಬರಾಗಿಸಬಾರದು. ಇದನ್ನು ತೀರ್ಮಾನಿಸಿ ಒಂದು ಪುಟದ ಮಾದರಿಯನ್ನು ಕಾಲೇಜೇ ಅಚ್ಚುಹಾಕಿ ಕೊಟ್ಟರೆ ಅರ್ಧ ಗೊಂದಲ ತೀರುತ್ತದೆ.)

ನಿಜವಾಗಿ ನನ್ನನ್ನು ಕಾಡುವುದು ಕ್ರಿಯಾ ಸಂಶೋಧನೆ. ಪಾಠಯೋಜನೆಯ ನಕಲಿನಲ್ಲಿ ಕದ್ದದ್ದು ಮಾತನ್ನು; ಕ್ರಿಯಾ ಸಂಶೋಧನೆಯ ನಕಲಿನಲ್ಲಿ ಮಕ್ಕಳನ್ನೇ ಕದಿಯಲಾಗುತ್ತದೆ. ಸ್ಪೈರಲ್ ಬೈಂಡಿಂಗ್ ಮಾಡಿಸಿದ ಹಳೆಯ ವರದಿಯೊಂದು ಕೈಯಿಂದ ಕೈಗೆ ಹೋಗುತ್ತದೆ. ಶೀರ್ಷಿಕೆಯಲ್ಲಿ ಶಾಲೆಯ ಹೆಸರು ಬದಲಾಗುತ್ತದೆ. ಪೂರ್ವ ಪರೀಕ್ಷೆಯ ಕೋಷ್ಟಕ, ಪರಿಹಾರ ಬೋಧನೆ, ಸಾಧನಾ ಪರೀಕ್ಷೆಯ ಕೋಷ್ಟಕ, ಕೊನೆಗೆ ‘ಗಣನೀಯ ಪ್ರಗತಿ ಕಂಡುಬಂದಿದೆ’ ಎಂಬ ವಾಕ್ಯ ಹಾಗೇ ಉಳಿಯುತ್ತವೆ. ಸಮೀಕರಣ ಸರಿದೂಗಿಸಲು ಬಾರದ ಹತ್ತು ಮಕ್ಕಳು ಆ ಕೋಷ್ಟಕದಲ್ಲಿ ಪ್ರತಿ ವರ್ಷ ಎರಡು ಅಂಕದಿಂದ ಎಂಟು ಅಂಕಕ್ಕೆ ಏರುತ್ತಾರೆ. ಅಷ್ಟರಲ್ಲಿ ಪ್ರಶಿಕ್ಷಣಾರ್ಥಿ ಹೋದ ಶಾಲೆಯಲ್ಲಿ ನಿಜವಾಗಿಯೂ ಸಮೀಕರಣ ಸರಿದೂಗಿಸಲು ಬಾರದ ಹುಡುಗಿ ಹಿಂದಿನ ಬೆಂಚಿನಲ್ಲಿ ಹಾಗೇ ಕೂತಿರುತ್ತಾಳೆ. ಅವಳ ತೊಂದರೆ ಏನು ಎಂದು ಯಾರೂ ಕೇಳಿಲ್ಲ, ಏಕೆಂದರೆ ಉತ್ತರ ಈಗಾಗಲೇ ಬೈಂಡ್ ಆಗಿದೆ. ಈಗ ಇದಕ್ಕೆ ಚಾಟ್‌ಬಾಟ್ ಕೂಡ ಸೇರಿಕೊಂಡಿದೆ. ಕೇಳಿದರೆ ಕೋಷ್ಟಕವನ್ನೂ ಕೊಡುತ್ತದೆ, ಇಲ್ಲದ ಪುಸ್ತಕಗಳ ಹೆಸರನ್ನೂ ಕೆಲವೊಮ್ಮೆ ಕಟ್ಟಿಕೊಡುತ್ತದೆ. ಕಪಾಟಿನಲ್ಲಿ ಹುಡುಕಿ ಕೈಯಲ್ಲಿ ಹಿಡಿದ ಪುಸ್ತಕವನ್ನಷ್ಟೇ ಪಟ್ಟಿಗೆ ಸೇರಿಸುತ್ತೇನೆ ಎಂದು ಹೊರಟರೆ ಈ ಮೋಸ ನಡೆಯುವುದಿಲ್ಲ.

ವಿಜ್ಞಾನ ವಿಷಯದವರಿಗೆ ಇದು ಹೊಸ ಮಾತಾಗಬಾರದು. ಹತ್ತನೇ ತರಗತಿಯಲ್ಲಿ ಅನುವಂಶೀಯತೆ ಬೋಧಿಸುವಾಗ ಮೆಂಡಲ್‌ನ ಬಟಾಣಿ ಗಿಡಗಳ ಚಿತ್ರ ಬರೆಯುತ್ತೇವೆ. ಅವನು 1865ರಲ್ಲಿ ಓದಿದ, 1866ರಲ್ಲಿ ಅಚ್ಚಾದ ಪ್ರಬಂಧ ಮೂವತ್ತಕ್ಕೂ ಹೆಚ್ಚು ವರ್ಷ ಬಹುಮಟ್ಟಿಗೆ ಯಾರ ಗಮನಕ್ಕೂ ಬಾರದೆ ಉಳಿಯಿತು. 1900ರಲ್ಲಿ ಹ್ಯೂಗೊ ದ ವ್ರೀಸ್ ಅದೇ ಬಗೆಯ ಫಲಿತಾಂಶಗಳನ್ನು ಪ್ರಕಟಿಸಿದಾಗ ಫ್ರೆಂಚಿನ ಅವನ ಪುಟ್ಟ ಬರಹದಲ್ಲಿ ಮೆಂಡಲ್‌ನ ಹೆಸರಿರಲಿಲ್ಲ. ಅದನ್ನು ಓದಿದ ಕಾರ್ಲ್ ಕೊರೆನ್ಸ್ ತಾನೂ ಅದೇ ಫಲಿತಾಂಶಕ್ಕೆ ತಲುಪಿದ್ದವನು. ತನ್ನ ಪ್ರಬಂಧದ ಶೀರ್ಷಿಕೆಯಲ್ಲೇ ಅದನ್ನು ಮೆಂಡಲ್‌ನ ನಿಯಮ ಎಂದು ಕರೆದ. 1884ರಲ್ಲೇ ತೀರಿಕೊಂಡಿದ್ದ ಒಬ್ಬ ಪಾದ್ರಿಯ ಹೆಸರು ಇಂದು ನಮ್ಮ ಕಪ್ಪುಹಲಗೆಯ ಮೇಲಿರುವುದರಲ್ಲಿ ಆ ಶೀರ್ಷಿಕೆಯ ಪಾಲು ದೊಡ್ಡದು. ನಮ್ಮಲ್ಲೂ ಇಂಥದ್ದಿದೆ. ಕವಿರಾಜಮಾರ್ಗವು ಹೆಸರಿಸುವ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಗದ್ಯಕಾರರ ಕನ್ನಡ ಕೃತಿಗಳು ಇಂದು ಒಂದೂ ಉಳಿದಿಲ್ಲ. ಒಂಬತ್ತನೇ ಶತಮಾನದ ಗ್ರಂಥವೊಂದು ತನ್ನ ಹಿಂದಿನವರನ್ನು ಹೆಸರಿಸಿತು ಎಂಬ ಕಾರಣಕ್ಕೆ ಅವರು ಇದ್ದರು ಎಂದಾದರೂ ನಮಗೆ ಗೊತ್ತು.

ಶಾಲೆಯಲ್ಲಿ ಇದನ್ನು ಮಾಡಿಸಬಹುದೇ ಎಂದು ಕೇಳುವವರಿಗೆ ಒಂದು ಅನುಭವ ಹೇಳುತ್ತೇನೆ. ಇಂಟರ್ನ್‌ಶಿಪ್‌ನಲ್ಲಿ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಒಂಬತ್ತನೇ ತರಗತಿಯವರಿಗೆ ಚಾರ್ಟ್ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೆಳಗಿನ ಮೂಲೆಯಲ್ಲಿ ‘ಇದು ನನಗೆ ಸಿಕ್ಕಿದ್ದು ಎಲ್ಲಿ’ ಎಂದು ಒಂದು ಸಾಲು ಬರೆಯಬೇಕು ಎಂದಷ್ಟೇ ಹೇಳಿದ್ದೆ. ‘ಅಕ್ಕನ ನೋಟ್ಸ್’, ‘ಪಠ್ಯಪುಸ್ತಕ’, ‘ಅಪ್ಪನ ಮೊಬೈಲ್’ ಎಂದು ಬಂದವು; ಒಬ್ಬ ‘ಸ್ಟೇಷನರಿ ಅಂಗಡಿಯ ಚಾರ್ಟ್, 5 ರೂಪಾಯಿ’ ಎಂದು ಬರೆದಿದ್ದ. ಅದಕ್ಕಿಂತ ಪ್ರಾಮಾಣಿಕ ಆಕರಸೂಚಿಯನ್ನು ನಾನು ಕಂಡಿಲ್ಲ. ಆ ಚಾರ್ಟಿನಲ್ಲಿ ರಾಮನ್ ಒಬ್ಬರೇ ಇದ್ದರು. 1928ರ ಮೊದಲ ಪ್ರಕಟಣೆಯಲ್ಲಿ ಕೆ.ಎಸ್. ಕೃಷ್ಣನ್ ಅವರ ಹೆಸರೂ ಇತ್ತಲ್ಲ ಎಂದಾಗ ‘ಅಂಗಡಿಯವ್ರು ಬಿಟ್ಟಿದಾರೆ ಮಿಸ್’ ಎಂದು ತಾನೇ ಪೆನ್ನು ತೆಗೆದು ಸೇರಿಸಿದ. ಆಕರ ಗೊತ್ತಿದ್ದರಿಂದಲೇ ತಪ್ಪು ಯಾರದ್ದೆಂದು ಅವನಿಗೆ ಗೊತ್ತಾಯಿತು.

ಗುರುಗಳಲ್ಲಿ ಒಂದು ವಿನಂತಿಯಿದೆ, ಧಾರ್ಷ್ಟ್ಯವೆಂದು ತಿಳಿಯಬಾರದು. ತರಗತಿಯಲ್ಲಿ ಬರೆಸುವ ನೋಟ್ಸಿಗೂ, ತೋರಿಸುವ ಸ್ಲೈಡಿಗೂ ಕೆಳಗೆ ಆಕರದ ಸಾಲು ಇರಲಿ. ಎರಡು ವರ್ಷ ಆಕರವಿಲ್ಲದ ನೋಟ್ಸ್ ಬರೆದುಕೊಂಡವರಿಗೆ ಕೊನೆಯ ಸೆಮಿಸ್ಟರಿನಲ್ಲಿ ಉಲ್ಲೇಖದ ಪದ್ಧತಿ ಹೇಳಿಕೊಟ್ಟರೆ ಅದು ಅಲ್ಪವಿರಾಮ, ಪೂರ್ಣವಿರಾಮಗಳ ಕಸರತ್ತಾಗಿ ಕಾಣುತ್ತದೆ. ನಕಲು ರೆಕಾರ್ಡಿಗೆ ಅಂಕ ಕತ್ತರಿಸುವುದಕ್ಕಿಂತ, ಎರವಲು ಎಂದು ಒಪ್ಪಿ ಬರೆದ ಪಾಠಯೋಜನೆಗೆ ಅಂಕ ಕತ್ತರಿಸುವುದಿಲ್ಲ ಎಂಬ ಭರವಸೆ ಮೊದಲು ಬೇಕು. ಈಗಿರುವ ಭಯ ಅದೇ: ಹೇಳಿದರೆ ಸ್ವಂತದ್ದಲ್ಲ ಎಂದು ಅಂಕ ಹೋಗುತ್ತದೆ, ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ನಮೂನೆ ವಿಶ್ವವಿದ್ಯಾಲಯದ್ದು, ನಾವು ಬದಲಿಸಲಾಗದು ಎಂಬ ಉತ್ತರ ಬರಬಹುದು. ಬದಲಿಸಬೇಕಾಗಿಲ್ಲ. ‘ಬೋಧನೋಪಕರಣ’ದ ಕಾಲಂ ಕೆಳಗೆ ಎರಡು ಬೆರಳು ಅಗಲದ ಖಾಲಿ ಜಾಗ ಎಲ್ಲ ಪುಟದಲ್ಲೂ ಇದೆ. ಮುಂದಿನ ಅಭ್ಯಾಸ ಬೋಧನೆಯ ಹತ್ತು ಪಾಠಗಳಲ್ಲಿ ಅಲ್ಲಿ ‘ಆಕರ’ ಎಂದು ಬರೆದು ನೋಡೋಣ. ಗ್ರಂಥಾಲಯದ ಕೊನೆಯ ಕಪಾಟಿನಲ್ಲಿರುವ ಹಳೆಯ ರೆಕಾರ್ಡುಗಳ ಮೊದಲ ಪುಟಕ್ಕೆ ಒಂದು ಚೀಟಿ ಅಂಟಿಸಿ, ಅದರಿಂದ ಯಾರು ಯಾವ ಪಾಠ ತೆಗೆದುಕೊಂಡರು, ತರಗತಿಯಲ್ಲಿ ಅದು ಹೇಗೆ ನಡೆಯಿತು ಎಂದು ತೆಗೆದುಕೊಂಡವರೇ ಬರೆಯಲಿ. ಅಂಟು, ಚೀಟಿ ನಾನು ತರುತ್ತೇನೆ.