ಪ್ರೋಗ್ರೆಸಿವ್ ಮೆಟಲ್ ಮತ್ತು ಛಂದಸ್ಸಿನ ಕಿವಿ

ಪ್ರೋಗ್ರೆಸಿವ್ ಮೆಟಲ್ ಎಂಬ ಸಂಗೀತ ಪ್ರಭೇದದ ಹೆಸರನ್ನು ಕನ್ನಡಕ್ಕೆ ತರಹೊರಟವರಿಗೆ ಮೊದಲು ಎದುರಾಗುವುದು ‘ಪ್ರಗತಿಶೀಲ’ ಎಂಬ ಪದ. ಅದನ್ನು ಇಲ್ಲಿ ಬಳಸಕೂಡದು ಎಂಬುದು ನನ್ನ ನಿಲುವು. ಕನ್ನಡದಲ್ಲಿ ಆ ಪದಕ್ಕೆ 1940ರ ದಶಕದ ಚಳವಳಿಯ, ಅನಕೃ, ನಿರಂಜನ, ಕಟ್ಟೀಮನಿಯವರ ಬರವಣಿಗೆಯ ನೆನಪು ಅಂಟಿಕೊಂಡಿದೆ. ವಸ್ತುವಿನ ಸಾಮಾಜಿಕ ಬದ್ಧತೆಯೇ ಅಲ್ಲಿನ ಮುಖ್ಯ ಕಾಳಜಿ. ರಾಕ್ ಸಂಗೀತದಲ್ಲಾದರೋ ‘ಪ್ರೋಗ್ರೆಸಿವ್’ ಎಂಬುದು ರೂಪಕ್ಕೆ ಸಂಬಂಧಿಸಿದ ಮಾತು. ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಮುರಿಯುವುದು, ಲಯವನ್ನು ನಡುದಾರಿಯಲ್ಲಿ ಬದಲಿಸುವುದು, ಇಡೀ ಆಲ್ಬಮ್ಮನ್ನು ಒಂದೇ ಕೃತಿಯಾಗಿ ಕಟ್ಟುವುದು ಅದರ ಹಂಬಲ. ಈ ಅರ್ಥದಲ್ಲಿ ಅದು ನಮ್ಮ ನವ್ಯಕ್ಕೆ ಹತ್ತಿರದ್ದು. ಹೆಸರನ್ನು ಇದ್ದಂತೆಯೇ ಇಟ್ಟುಕೊಳ್ಳುವುದು ಲೇಸು.

ಈ ಪ್ರಭೇದದ ಚರಿತ್ರೆಗೆ ಮಾರ್ಗ-ದೇಸಿಗಳ ಪರಿಭಾಷೆ ಚೆನ್ನಾಗಿ ಹೊಂದುತ್ತದೆ. ಹೆವಿ ಮೆಟಲ್ಲಿನ ಬೇರು ಇರುವುದು ಇಂಗ್ಲೆಂಡಿನ ಕೈಗಾರಿಕಾ ನಗರವಾದ ಬರ್ಮಿಂಗ್‌ಹ್ಯಾಮಿನ ದುಡಿಯುವ ವರ್ಗದಲ್ಲಿ. ಬ್ಲ್ಯಾಕ್ ಸಬಾತ್ ತಂಡದ ಟೋನಿ ಅಯೋಮಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡವರು. ಮುಂದೆ ಅವರು ಗಿಟಾರಿನ ತಂತಿಗಳನ್ನು ಸಡಿಲಿಸಿ ನುಡಿಸಿದ್ದು ಆ ಸಂಗೀತದ ಭಾರವಾದ ನಾದಕ್ಕೆ ಒಂದು ಕಾರಣವಾಯಿತು. ಇನ್ನೊಂದೆಡೆ 1969ರಲ್ಲಿ ಮೊದಲ ಆಲ್ಬಮ್ ತಂದ ಕಿಂಗ್ ಕ್ರಿಮ್ಸನ್‌ನಂಥ ತಂಡಗಳು ರಾಕ್ ಸಂಗೀತಕ್ಕೆ ಜಾಝ್ ಹಾಗೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪಾಂಡಿತ್ಯವನ್ನು ಬೆಸೆದವು. ಈ ಎರಡೂ ಧಾರೆಗಳು 1980ರ ದಶಕದ ಅಮೆರಿಕದಲ್ಲಿ, ಫೇಟ್ಸ್ ವಾರ್ನಿಂಗ್, ಕ್ವೀನ್ಸ್‌ರೈಕ್ ಮೊದಲಾದ ತಂಡಗಳಲ್ಲಿ ಕೂಡಿಕೊಂಡವು. 1985ರಲ್ಲಿ ಡ್ರೀಮ್ ಥಿಯೇಟರ್ ತಂಡವನ್ನು ಬೇರೊಂದು ಹೆಸರಿನಲ್ಲಿ ಕಟ್ಟಿದ ಮೂವರು ಬೋಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನ ವಿದ್ಯಾರ್ಥಿಗಳು. ಕಾರ್ಖಾನೆಯ ಊರಿನ ಸಂಗೀತ ಹೀಗೆ ಕಾಲೇಜನ್ನು ಸೇರಿತು. ದೇಸಿ ಮಾರ್ಗವಾಗುವಾಗ ಏನು ಒದಗುತ್ತದೆ, ಏನು ಸೋರಿಹೋಗುತ್ತದೆ ಎಂಬುದು ನಮಗೆ ಹೊಸ ಪ್ರಶ್ನೆಯೇನಲ್ಲ.

ಆದರೆ ಕನ್ನಡದ ಅಧ್ಯಾಪಕರಿಗೆ ಈ ಸಂಗೀತ ಮುಖ್ಯವಾಗುವುದು ಅದರ ಲಯದಿಂದ. ಪಾಶ್ಚಾತ್ಯ ವಿಮರ್ಶೆ 5, 7, 9ರ ಎಣಿಕೆಗಳನ್ನು ‘ವಿಷಮ’ವೆಂದೂ ಕ್ಲಿಷ್ಟವೆಂದೂ ಕರೆಯುತ್ತದೆ. ನಾಲ್ಕರ ನಡೆಯೇ ಸಹಜವೆಂದು ಪಳಗಿದ ಕಿವಿಯ ತೀರ್ಪು ಇದು. ಕುಮಾರವ್ಯಾಸನ ಭಾರತವನ್ನು ಗಮಕಿಗಳ ಬಾಯಿಂದ ಕೇಳಿದವರಿಗೆ ಏಳು ಎಂದೂ ವಿಷಮವಾಗಿ ಕೇಳಿಸಿಲ್ಲ. ಭಾಮಿನಿ ಷಟ್ಪದಿಯ ಉಸಿರೇ ಮೂರು-ನಾಲ್ಕರ ಗಣಗಳ ಜೋಡಿ. ವಾರ್ಧಕದ ಐದು ಮಾತ್ರೆಯೂ ಹಾಗೆಯೇ. ಕ್ಲಿಷ್ಟತೆಯೆಂಬುದು ಕೃತಿಯ ಗುಣ ಮಾತ್ರವಲ್ಲ, ಕೇಳುಗನ ಪರಂಪರೆಯ ಗುಣವೂ ಹೌದು.

ಟೂಲ್ ತಂಡದ ‘ಲ್ಯಾಟರಲಸ್’ (2001) ಇನ್ನೂ ಸ್ವಾರಸ್ಯದ ನಿದರ್ಶನ. ಅದರ ಗಾಯನಭಾಗದ ಅಕ್ಷರಗಳು 1, 1, 2, 3, 5, 8 ಎಂದು ಏರಿ ಇಳಿಯುತ್ತವೆ. ತಾಳ 9, 8, 7 ಎಂದು ಸರಿಯುತ್ತದೆ. ಫಿಬೊನಾಚಿ ಸರಣಿಯ ಈ ಪ್ರಯೋಗವನ್ನು ಕೇಳುಗರು ಬೆರಗಿನಿಂದ ಕೊಂಡಾಡಿದ್ದಾರೆ. ನಮ್ಮ ತರಗತಿಗಳಲ್ಲಿ ಪ್ರಸ್ತಾರ ಹಾಕಿಸುವಾಗ ಮೂರು ಮಾತ್ರೆಯ ಗಣಕ್ಕೆ ಮೂರು, ನಾಲ್ಕು ಮಾತ್ರೆಯದಕ್ಕೆ ಐದು, ಐದು ಮಾತ್ರೆಯದಕ್ಕೆ ಎಂಟು ರೂಪಗಳೆಂದು ಹೇಳಿಕೊಡುತ್ತೇವಲ್ಲ, ಅದೂ ಇದೇ ಸರಣಿ. ಪ್ರಾಕೃತ ಛಂದಸ್ಸಿನ ವಿರಹಾಂಕನೂ 12ನೆಯ ಶತಮಾನದ ಹೇಮಚಂದ್ರನೂ ಇದನ್ನು ಬಲ್ಲವರಾಗಿದ್ದರು. ಫಿಬೊನಾಚಿಯ ಗ್ರಂಥ ಬಂದದ್ದು 1202ರಲ್ಲಿ. ‘ಎಲ್ಲವೂ ನಮ್ಮಲ್ಲಿತ್ತು’ ಎಂಬ ಹೆಮ್ಮೆಗಾಗಿ ಈ ಮಾತನ್ನು ಹೇಳುತ್ತಿಲ್ಲ. ಅಲ್ಲಿ ಎಣಿಕೆ ಅಕ್ಷರದ್ದು, ಇಲ್ಲಿ ಮಾತ್ರೆಯ ವಿನ್ಯಾಸಗಳದ್ದು. ಎರಡೂ ಒಂದೇ ಅಲ್ಲ. ವಿದ್ಯಾರ್ಥಿಯೊಬ್ಬ ಹಾಡಿನಲ್ಲಿ ಕೌತುಕದಿಂದ ಎಣಿಸುವುದನ್ನೇ ಕನ್ನಡ ತರಗತಿಯಲ್ಲಿ ಅಂಕಗಳಿಗಾಗಿ ಉರುಹೊಡೆಯುತ್ತಾನೆಂಬುದು ನನ್ನ ತಕರಾರು.

ಈ ಪ್ರಭೇದದ ಎಲ್ಲವನ್ನೂ ಮೆಚ್ಚಬೇಕಾಗಿಲ್ಲ. ಡ್ರೀಮ್ ಥಿಯೇಟರಿನ ದೀರ್ಘ ವಾದನಭಾಗಗಳನ್ನು ಕೇಳುವಾಗ ನನಗೆ ಎಷ್ಟೋ ಸಲ ಚಿತ್ರಕವಿತ್ವದ ನೆನಪಾಗುತ್ತದೆ. ಕೌಶಲವಿದೆ, ಬೆರಗಿದೆ, ಆದರೆ ಭಾವ ಬಂಧಕ್ಕೆ ದುಡಿಯುತ್ತಿರುತ್ತದೆ. ಸ್ವೀಡನ್ನಿನ ಮೆಶುಗಾ ತಂಡದ ರೀತಿ ಬೇರೆ. ಗಿಟಾರಿನ ಬೆಸ ಉದ್ದದ ಪಲುಕುಗಳು ನಾಲ್ಕರ ತಾಳದ ಮೇಲೆ ಜಾರುತ್ತ ಹೋಗಿ, ಕೊನೆಗೊಂದು ಕಡೆ ಕೂಡಿಕೊಳ್ಳುತ್ತವೆ. ಮೃದಂಗದ ಕೋರ್ವೆ ಸಮಕ್ಕೆ ಬಂದು ನಿಲ್ಲುವ ಸುಖವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಲೆಕ್ಕ ಕಾಣಿಸುವುದಿಲ್ಲ, ಮೈಗೆ ತಾಕುತ್ತದೆ.

ಬೆಂಗಳೂರಿಗೆ ಈ ಸಂಗೀತ ಪರಕೀಯವಲ್ಲ. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನುಡಿಸಿದವು; ಕರ್ನಾಟಕ ಸಂಗೀತವನ್ನೂ ಪ್ರೋಗ್ರೆಸಿವ್ ರಾಕನ್ನೂ ಬೆಸೆಯುವ ‘ಅಗಂ’ ತಂಡ 2003ರಲ್ಲಿ ಇದೇ ಊರಿನಲ್ಲಿ ಹುಟ್ಟಿತು. ಆದರೂ ಜನಪ್ರಿಯ ಸಂಸ್ಕೃತಿಯ ಅಧ್ಯಯನವೆಂದರೆ ಹಾಡಿನ ಸಾಹಿತ್ಯವನ್ನು ಪಠ್ಯವಾಗಿ ಓದುವುದಷ್ಟೇ ಎಂಬ ರೂಢಿ ನಮ್ಮ ವಿಭಾಗಗಳಲ್ಲಿ ಬಲವಾಗಿದೆ. ಛಂದಸ್ಸನ್ನು ಬಲ್ಲವರೇ ನಾದದ ಮುಂದೆ ಮೌನವಾಗುವುದು ವಿಚಿತ್ರ. ತೊಡಕುಗಳು ಇಲ್ಲವೆಂದಲ್ಲ. ಇಂಗ್ಲಿಷ್ ಸಾಲಿನ ನಡೆ ಒತ್ತನ್ನು ಆಧರಿಸಿದ್ದು, ಕನ್ನಡದ್ದು ಮಾತ್ರೆಯನ್ನು. ಒಂದರ ಅಳತೆಗೋಲನ್ನು ಇನ್ನೊಂದಕ್ಕೆ ಹಾಗೆಯೇ ಹಿಡಿಯಲಾಗದು. ‘ಇಂಗ್ಲಿಷ್ ಗೀತಗಳು’ ಕಟ್ಟುವಾಗ ಬಿ.ಎಂ.ಶ್ರೀ.ಯವರು ಎದುರಿಸಿದ ತೊಡಕೂ ಇದೇ. ಅವರು ಅದನ್ನು ಬಿಡಿಸಿಕೊಂಡದ್ದು ಕಿವಿಯಿಂದ. ಲಕ್ಷಣ ಅನಂತರ ಬಂತು.