ಓದಿದರೆ ಸಾಲದು, ಭಾವ ತಿಳಿಯಬೇಕು

ಪರೀಕ್ಷೆಯಲ್ಲಿ ಒಂದು ಗದ್ಯಭಾಗ ಕೊಟ್ಟು 'ಇಲ್ಲಿ ವ್ಯಕ್ತವಾದ ಭಾವವೇನು?' ಎಂದು ಕೇಳುವುದುಂಟು. ಕಥೆಯನ್ನು ತಪ್ಪಿಲ್ಲದೆ ಹೇಳಬಲ್ಲ ಮಕ್ಕಳೂ ಈ ಪ್ರಶ್ನೆಗೆ ತಡವರಿಸುತ್ತಾರೆ. ತಪ್ಪು ಅವರದೊಂದೇ ಅಲ್ಲ.

ಕನ್ನಡದಲ್ಲಿ ಭಾವವು ಎಷ್ಟೋ ವೇಳೆ ಪದದ ಕೊನೆಯಲ್ಲಿ ಅಡಗಿರುತ್ತದೆ. 'ಧಣಿಗಳು ಬಂದರು' ಎಂದಲ್ಲಿ ಗೌರವ. 'ಬಂದರಂತೆ' ಎಂದಲ್ಲಿ ಕೇಳಿದ ಮಾತು, ಕೆಲವೊಮ್ಮೆ ಅಪನಂಬಿಕೆ. ಅದೇ ಧಣಿಯನ್ನು ಕುರಿತು ಮುಂದೆ 'ಬಂದ' ಎಂದಿದ್ದರೆ ಗೌರವ ಅಳಿಯಿತೆಂದೇ ಅರ್ಥ. ಮಲೆಯಾಳದಲ್ಲಿ ಬಂದವನು ಧಣಿಯಾಗಲಿ ಆಳಾಗಲಿ, ಕ್ರಿಯಾಪದ 'ವನ್ನು' ಒಂದೇ. ಅದು ಆ ಭಾಷೆಯ ಕೊರತೆಯಲ್ಲ. ಅಲ್ಲಿ ಗೌರವ ತೋರುವ ದಾರಿ ಬೇರೆ. ಆದರೆ ಕನ್ನಡ ತರಗತಿಗೆ ಕನ್ನಡವರಿಯದ ಅಧ್ಯಾಪಕರು ಬಂದರೆ ಈ ವ್ಯತ್ಯಾಸ ಅವರಿಗೆ ಗೋಚರಿಸುವುದೆಂತು?

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಉಳಿದುಬಂದಿವೆ. ಅವುಗಳಿಗೆ ಕನ್ನಡ ಬಲ್ಲ ಅಧ್ಯಾಪಕರೇ ಬೇಕೆಂದು ನಾವು ಮತ್ತೆ ಮತ್ತೆ ಕೇಳುವುದು ಹಠದಿಂದಲ್ಲ. ಸರಕಾರ ಇದನ್ನು ಮನಗಾಣಬೇಕು. ಹೆತ್ತವರೂ ಸುಮ್ಮನಿರುವಂತಿಲ್ಲ. ದಿನಕ್ಕೊಂದು ಪುಟವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ, 'ಈ ಮಾತಾಡಿದವನಿಗೆ ಸಿಟ್ಟೋ, ಸಂಕಟವೋ, ಕುಚೋದ್ಯವೋ?' ಎಂದು ಕೇಳಲಿ. ದನಿ ಸರಿಯಾಗಿ ಹೊರಟರೆ ಉತ್ತರ ತಾನಾಗಿ ಹೊಳೆದೀತು.